ಬಾಡಿಗೆಗೆ ಬಂದ ಅತ್ತೆ

ಈ ಮೊಣಕಾಲಿಗೂ ಹಡಗಿನ ಏಣಿಗಳಿಗೂ ಇನ್ನು ಹೊಂದಾಣಿಕೆಯಾಗದು ಎಂದು ನೌಕಾಪಡೆಯ ವೈದ್ಯರು ಖಡಾಖಂಡಿತವಾಗಿ ಹೇಳಿಬಿಟ್ಟ ಮೇಲೆ ದುರ್ಬೀನನ್ನು ದಡಕ್ಕೆ ವರ್ಗ ಮಾಡಿದರು. ದುರ್ಬೀನು ಅವನ ನಿಜವಾದ ಹೆಸರಲ್ಲ. ವಯಸ್ಸಿಗೆ ಬಂದಾಗಿನಿಂದ ಹಡಗಿನ ಮೇಲಟ್ಟದಲ್ಲಿ ನಿಂತು ಕಾವಲು ನೋಡಿದವನಿಗೆ ಜೊತೆಯವರು ಇಟ್ಟ ಅಡ್ಡಹೆಸರು. ಅದು ಎಷ್ಟು ಅಂಟಿಕೊಂಡಿತ್ತೆಂದರೆ, ವರ್ಗಾವಣೆಯ ದಿನ ಹಡಗಿನ ಕ್ಯಾಪ್ಟನ್ ಕೂಡ ಮೈಕಿನಲ್ಲಿ ಅವನ ಅಸಲು ಹೆಸರು ನೆನಪಾಗದೆ ಒಂದು ಕ್ಷಣ ತಡವರಿಸಿದ್ದರು.

ಹೊಸ ಕೆಲಸದ ಜಾಗ ಊರಾಚೆಯ ಏರ್‌ಫೀಲ್ಡಿನ ಒಂದು ಮೂಲೆ. ಸರಕು ಸಾಗಿಸುವ ಕಬ್ಬಿಣದ ಕಂಟೇನರಿಗೇ ಬಾಗಿಲು ಕೊರೆದು, ಒಳಗೆ ಎರಡು ಕುರ್ಚಿ, ಸಾಲು ಪರದೆಗಳು, ಕಟ್ಟುಕಟ್ಟು ವೈರುಗಳನ್ನು ತುಂಬಿದ್ದರು. ಕಿಟಕಿ ಇರಲಿಲ್ಲ. ಯಂತ್ರಗಳು ಬಿಸಿಯಾಗಬಾರದೆಂದು ಏಸಿಯನ್ನು ಎಷ್ಟು ತಣ್ಣಗೆ ಇಟ್ಟಿದ್ದರೆಂದರೆ, ಹೊರಗೆ ಡಾಂಬರು ಕರಗುವ ಬಿಸಿಲಿದ್ದರೂ ಒಳಗೆ ಕೂರುವವರು ಸ್ವೆಟರ್ ಹಾಕಿಕೊಳ್ಳಬೇಕಿತ್ತು. ಸಮುದ್ರ ಅಲ್ಲಿಂದ ಕಾಣಿಸುತ್ತಿರಲಿಲ್ಲ, ಕೇಳಿಸುತ್ತಲೂ ಇರಲಿಲ್ಲ. ಪರದೆಯ ಮೇಲೆ ಮಾತ್ರ ಇತ್ತು, ಬೂದುಬಣ್ಣದ ನೀರಾಗಿ, ಸದ್ದಿಲ್ಲದೆ.

ಆ ಬೂದು ಸಮುದ್ರವನ್ನು ತೋರಿಸುತ್ತಿದ್ದದ್ದು ಒಂದು ಡ್ರೋನ್. ಮೈ ಸಣ್ಣದು, ರೆಕ್ಕೆ ಮಾತ್ರ ಉದ್ದೋ ಉದ್ದ. ಒಮ್ಮೆ ಏರಿತೆಂದರೆ ಇಡೀ ಹಗಲು, ಇಡೀ ರಾತ್ರಿ ಕಳೆದರೂ ಇಳಿಯುವ ಮಾತಿಲ್ಲ. ನೌಕಾಪಡೆ ಅದನ್ನು ಕೊಂಡಿರಲಿಲ್ಲ. ಒಂದು ಕಂಪನಿಯಿಂದ ಬಾಡಿಗೆಗೆ ತಂದಿತ್ತು. ಹಾರಿಸುವವರು, ಇಳಿಸುವವರು, ತೊಳೆದು ಎಣ್ಣೆ ಹಾಕುವವರು ಎಲ್ಲ ಕಂಪನಿಯ ಜನ. ಎಲ್ಲಿಗೆ ಹೋಗಬೇಕು, ಏನನ್ನು ನೋಡಬೇಕು ಎನ್ನುವುದಷ್ಟೇ ನೌಕಾಪಡೆಯದು. ಅದರ ಹೊಟ್ಟೆಯಡಿಯ ಕ್ಯಾಮೆರಾ ತಿರುಗಿಸಿ ನೋಡುವ ಕುರ್ಚಿ ದುರ್ಬೀನಿನ ಪಾಲಿಗೆ ಬಂತು.

ಪಕ್ಕದ ಕುರ್ಚಿ ಕಂಪನಿಯ ಪೈಲಟ್‌ನದು. ಹಿಂದೆ ಪ್ರಯಾಣಿಕರ ವಿಮಾನ ಓಡಿಸಿ ನಿವೃತ್ತನಾದ, ಹೊಟ್ಟೆ ಬಂದ, ಯಾವಾಗಲೂ ಏನನ್ನಾದರೂ ಗುನುಗುತ್ತಿದ್ದ ಮನುಷ್ಯ. ಮೊದಲ ದಿನವೇ ಅವನು ಡ್ರೋನನ್ನು ಪರಿಚಯಿಸಿದ.

"ಇದಕ್ಕೆ ನಾವು ಅತ್ತೆ ಅಂತೀವಿ. ಬಂದರೆ ಬೇಗ ಹೋಗಲ್ಲ. ಮೇಲಿಂದ ಎಲ್ಲಾ ನೋಡ್ತಾನೇ ಇರುತ್ತೆ. ಒಂದು ಮಾತೂ ಆಡಲ್ಲ, ಆದರೆ ಎಲ್ಲಾ ನೆನಪಿಟ್ಟುಕೊಳ್ಳುತ್ತೆ."

"ಹಾಗಾದರೆ ಅದನ್ನು ನಡೆಸೋ ನೀವು?"

"ಮಾವ. ನಡೆಸ್ತೀನಿ ಅಂತ ನಾನು ಅಂದುಕೊಂಡಿದೀನಿ, ಅಷ್ಟೇ."

ಅಂದಿನಿಂದ ಪೈಲಟ್ ಎಲ್ಲರಿಗೂ ಮಾವನಾದ. ನೌಕಾನೆಲೆಯ ಕಮಾಂಡರ್, ಸುಮ್ಮಸುಮ್ಮನೆ ನಗದ ಹೆಂಗಸು, ಅವರೂ ಕೂಡ ಒಂದು ವಾರ ಬಿಟ್ಟು "ಮಾವ ಬಂದರಾ?" ಎಂದು ಕೇಳತೊಡಗಿದರು.

ದುರ್ಬೀನಿಗೆ ಮೊದಮೊದಲು ಇದು ಕೆಲಸವೆಂದೇ ಅನ್ನಿಸಲಿಲ್ಲ. ಮುಖಕ್ಕೆ ಗಾಳಿ ಹೊಡೆಯದೆ, ತುಟಿಗೆ ಉಪ್ಪು ತಾಗದೆ ಸಮುದ್ರ ಕಾಯುವುದೆಂದರೇನು? ಕುರ್ಚಿಯಲ್ಲಿ ಕೂತು ಸಂಬಳ ತೆಗೆದುಕೊಳ್ಳುವುದಕ್ಕೆ ನಾಚಿಕೆಯಾಗುತ್ತಿತ್ತು. ಹಡಗಿನಲ್ಲಿ ಸಮುದ್ರವನ್ನು ಅಡ್ಡದಿಂದ ನೋಡಿ ರೂಢಿಯಾದ ಕಣ್ಣಿಗೆ ಮೇಲಿನಿಂದ ನೋಡುವುದು ಬರುತ್ತಿರಲಿಲ್ಲ. ಮೋಡದ ನೆರಳನ್ನು ಎಣ್ಣೆಯ ಕಲೆ ಎಂದ. ಮೀನಿನ ಹಿಂಡನ್ನು ಬಂಡೆ ಎಂದ. ಒಮ್ಮೆಯಂತೂ ತೇಲುವ ಮರದ ದಿಮ್ಮಿಯೊಂದನ್ನು ದೋಣಿ ಎಂದು ಕೂಗಿ ಕಮಾಂಡರನ್ನು ಎಬ್ಬಿಸಿಕೊಂಡು ಬಂದ. ಅವರು ಪರದೆ ನೋಡಿ, ಅವನನ್ನು ನೋಡಿ, "ಪರವಾಗಿಲ್ಲ. ದಿಮ್ಮಿಯನ್ನೂ ಯಾರಾದರೂ ನೋಡಬೇಕಲ್ಲ" ಎಂದು ಹೊರಟುಹೋದರು.

ಮನೆಯಲ್ಲಿ ಇನ್ನೊಂದು ಬಗೆಯ ಪೇಚು. ಮದುವೆಯಾದಾಗಿನಿಂದ ಅವನು ಮನೆಗೆ ರಜೆಯಲ್ಲಿ ಬರುವ ನೆಂಟನಂತಿದ್ದವನು. ಅವನ ಹೆಂಡತಿ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದಳು. ಎರಡು ಕಾರು, ಬೀದಿಯ ತಿರುವಿನಲ್ಲಿ ಒಂದು ಕೋಣೆಯ ಆಫೀಸು, ಗೋಡೆಗೆ ರಸ್ತೆ ಚಿಹ್ನೆಗಳ ದೊಡ್ಡ ಚಿತ್ರ. ಆ ಬಡಾವಣೆಯ ಅರ್ಧ ಜನಕ್ಕೆ ಗೇರು ಬದಲಿಸುವುದನ್ನು ಕಲಿಸಿದವಳು ಅವಳೇ. ಅವನ ತಾಯಿಯನ್ನೂ ಮನೆಯನ್ನೂ ಸ್ಕೂಲನ್ನೂ ಒಟ್ಟಿಗೆ ತೂಗಿಸಿಕೊಂಡು ಹೋಗಿದ್ದವಳಿಗೆ, ಈಗ ದಿನಾ ಸಂಜೆ ಗಂಡ ಮನೆಗೆ ಬರುತ್ತಾನೆ ಎನ್ನುವುದು ಸಂತೋಷದ ಸಂಗತಿಯೇ. ಆದರೆ ಬಂದವನು ಕೈ ಕಟ್ಟಿ ಕೂರಬೇಕಲ್ಲ.

ಒಂದು ದಿನ ಅವನು ಅಡಿಗೆಮನೆಯ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿ, ಬೀಳದಂತೆ ಹಗ್ಗ ಹಾಯಿಸಿ ಗಂಟು ಹಾಕಿದ. ಬೆಳಗ್ಗೆ ಅವನ ತಾಯಿಗೆ ಸಕ್ಕರೆಯೂ ಸಿಗಲಿಲ್ಲ, ಗಂಟೂ ಬಿಚ್ಚಲಾಗಲಿಲ್ಲ.

"ಇದು ಅಲ್ಲಾಡೋ ಮನೆ ಅಲ್ಲಪ್ಪ" ಎಂದರು ತಾಯಿ. "ನಿಂತಲ್ಲೇ ನಿಂತಿರುತ್ತೆ. ಈ ಹಗ್ಗ ಬಿಚ್ಚಿಕೊಟ್ಟು ಕೆಲಸಕ್ಕೆ ಹೋಗು."

ಮತ್ತೊಂದು ದಿನ ಆ ಡ್ರೋನಿಗೆ ಅತ್ತೆ ಎಂದು ಹೆಸರಿಟ್ಟ ಕಥೆ ಹೇಳಿದ. ಹೆಂಡತಿ ತಟ್ಟೆಯ ಮೇಲೆ ಬಾಗಿ ನಗು ಅಡಗಿಸಿಕೊಂಡಳು. ತಾಯಿ ಮಾತ್ರ ಗಂಭೀರವಾಗಿ ಕೇಳಿದರು, "ಬಾಡಿಗೆ ಎಷ್ಟು ಕೊಡ್ತಾರಂತೆ ಅದಕ್ಕೆ? ನನಗೆ ಇಲ್ಲಿ ಯಾರೂ ಏನೂ ಕೊಡ್ತಿಲ್ಲ."

ಕೊನೆಗೆ ಹೆಂಡತಿಯೇ ದಾರಿ ಹುಡುಕಿದಳು. ಇಷ್ಟು ವರ್ಷ ಸಮುದ್ರದ ಮೇಲೆ ಇದ್ದವನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಸಂಜೆ ಒಂದು ತಾಸು ಅವನನ್ನು ಸ್ಟೇರಿಂಗ್ ಮುಂದೆ ಕೂರಿಸಿದಳು. ಪಕ್ಕದ ಸೀಟಿನಲ್ಲಿ, ಕಲಿಸುವವರ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ತಾನು ಕೂತಳು. ಅಲ್ಲಿ ಅವಳು ಹೆಂಡತಿಯಾಗಿರುತ್ತಿರಲಿಲ್ಲ.

"ದಿಗಂತ ನೋಡಬೇಡಿ. ಮುಂದಿರೋ ಸ್ಕೂಟರ್ ನೋಡಿ."

"ನೋಡ್ತಾ ಇದೀನಿ."

"ಸ್ಕೂಟರ್ ಕಂಡಿದ್ದರೆ ಅವನ ಮೇಲೆ ಹೋಗ್ತಿರಲಿಲ್ಲ."

ಇಬ್ಬರೂ ಮುಖ ಊದಿಸಿಕೊಂಡು ಮನೆಗೆ ಬರುವರು. ಊಟದ ಹೊತ್ತಿಗೆ ಯಾರಾದರೊಬ್ಬರು ಸೋಲುವರು. ಬರಬರುತ್ತ ಆ ಒಂದು ತಾಸಿಗೆ ಅವನು ಬೆಳಗ್ಗೆಯಿಂದಲೇ ಕಾಯತೊಡಗಿದ. ಬೀದಿಬೀದಿಗಳು, ಅಂಗಡಿಗಳು, ಶಾಲೆಯ ಗೋಡೆ, ಹೆಂಡತಿ ದಿನವೂ ಓಡಾಡುವ ತಿರುವುಗಳು, ಅವಳಿಗೆ ಕೈ ಬೀಸುವ ಜನ, ಇದಾವುದೂ ಅವನಿಗೆ ಗೊತ್ತಿರಲಿಲ್ಲ. ಅವಳ ಪ್ರಪಂಚವನ್ನು ಅವನು ಮೊದಲ ಸಲ ಹತ್ತಿರದಿಂದ ನೋಡುತ್ತಿದ್ದ.

ಕಂಟೇನರಿನ ಒಳಗೂ ಕಣ್ಣು ಪಳಗಿತು. ಸಮುದ್ರದ ಮೈ ಎಲ್ಲ ಕಡೆಯೂ ಒಂದೇ ಅಲ್ಲ, ಗಾಳಿ ತಿರುಗಿದ ಕಡೆ ಅದರ ಸುಕ್ಕು ಬೇರೆ, ದೋಣಿ ಹಾದುಹೋದ ದಾರಿ ಎಷ್ಟೋ ಹೊತ್ತು ಗೆರೆಯಾಗಿ ಉಳಿಯುತ್ತದೆ ಎಂಬುದನ್ನು ಅವನು ಕಲಿತ. ಮಾವ ಗುನುಗುತ್ತಿದ್ದ, ಅವನು ನೋಡುತ್ತಿದ್ದ. ಹಾಗೆಯೇ ಬಾಡಿಗೆಯ ಅವಧಿ ಮುಗಿಯುತ್ತ ಬಂತು. ಮುಂದುವರಿಸುತ್ತಾರೋ, ಪೆಟ್ಟಿಗೆಗೆ ತುಂಬಿ ವಾಪಸ್ ಕಳಿಸುತ್ತಾರೋ ಯಾರಿಗೂ ಗೊತ್ತಿರಲಿಲ್ಲ. ಕಂಪನಿಯ ಹುಡುಗಿಯರು ಇಬ್ಬರು ಬಂದು ಬಿಡಿಭಾಗಗಳನ್ನು ಎಣಿಸಿ ಹೋದದ್ದನ್ನು ನೋಡಿ ಮಾವ ಎರಡು ದಿನ ಗುನುಗಲಿಲ್ಲ.

ಆ ದಿನಗಳಲ್ಲೇ ಒಂದು ಬೆಳಗ್ಗೆ ಅತ್ತೆಯನ್ನು ಬಹಳ ದೂರ ಕಳಿಸಿದ್ದರು. ದೊಡ್ಡದೊಂದು ಸರಕು ಹಡಗು ತಾನು ಎಲ್ಲಿದ್ದೇನೆಂದು ತಿಳಿಸುವ ರೇಡಿಯೋ ಗುರುತನ್ನು ಆರಿಸಿಬಿಟ್ಟು ಓಡಾಡುತ್ತಿತ್ತು. ಅದು ಏನು ಸಾಗಿಸುತ್ತಿದೆ, ಯಾರನ್ನು ಭೇಟಿಯಾಗುತ್ತದೆ ಎಂದು ನೋಡಿಕೊಂಡಿರಬೇಕೆಂದು ಮೇಲಿನ ಆಜ್ಞೆ. ದುರ್ಬೀನಿಗೆ ಅಂದು ಮಧ್ಯಾಹ್ನ ಡ್ರೈವಿಂಗ್ ಪರೀಕ್ಷೆ ಇತ್ತು. ಪಾಳಿ ಮುಗಿದ ಕೂಡಲೇ ಹೆಂಡತಿ ಪರೀಕ್ಷೆಯ ಮೈದಾನದಲ್ಲಿ ಕಾರು ತಂದು ಕಾಯುವುದೆಂದು ಮಾತಾಗಿತ್ತು.

ಹಡಗಿನ ಜಾಡು ಹಿಡಿದು ಹೋಗುತ್ತಿದ್ದಾಗ ಪರದೆಯ ಅಂಚಿನಲ್ಲಿ ಏನೋ ಕಿತ್ತಳೆ ಬಣ್ಣದ್ದು ಕಂಡು ಮರೆಯಾಯಿತು. ದಿಮ್ಮಿಯ ನೆನಪಾಗಿ ಅವನು ಒಂದು ಗಳಿಗೆ ಸುಮ್ಮನಿದ್ದ. ಆಮೇಲೆ ಕ್ಯಾಮೆರಾ ಹಿಂದಕ್ಕೆ ತಿರುಗಿಸಿದ.

ಡ್ರಮ್ಮುಗಳು. ಹಗ್ಗದಿಂದ ಒಟ್ಟಿಗೆ ಕಟ್ಟಿದ ಪ್ಲಾಸ್ಟಿಕ್ ಡ್ರಮ್ಮುಗಳು, ಅವುಗಳ ಮೇಲೆ ಹರಕು ಟಾರ್ಪಾಲು, ಟಾರ್ಪಾಲಿನ ಮೇಲೆ ಒತ್ತೊತ್ತಾಗಿ ಮಲಗಿದ್ದ ಆರು ಜನ. ಸುತ್ತ ದೋಣಿಯ ಹಲಗೆಗಳು ಚದುರಿ ತೇಲುತ್ತಿದ್ದವು.

"ಮಾವ, ನಿಲ್ಲಿಸಿ."

"ಇದು ನಿಲ್ಲೋ ಗಾಡಿ ಅಲ್ಲ. ಸುತ್ತು ಹಾಕಿಸ್ತೀನಿ" ಎಂದ ಮಾವ, ಪರದೆ ನೋಡಿದವನೇ ಗುನುಗುವುದನ್ನು ನಿಲ್ಲಿಸಿ ಸುತ್ತು ಹಾಕಿಸಿದ.

ಕಮಾಂಡರ್ ಬಂದರು. ಎರಡು ಪರದೆ ನೋಡಿದರು. ಒಂದರಲ್ಲಿ ದೂರವಾಗುತ್ತಿದ್ದ ಸರಕು ಹಡಗಿನ ಚುಕ್ಕೆ, ಇನ್ನೊಂದರಲ್ಲಿ ಡ್ರಮ್ಮುಗಳು. ಫೋನಿನಲ್ಲಿ ಮೇಲಿನವರಿಗೆ ಅವರು ಹೇಳಿದ್ದು ಚಿಕ್ಕ ಮಾತು. "ಆ ಹಡಗನ್ನು ನಾಳೆ ಹುಡುಕಬಹುದು ಸರ್. ಇವರನ್ನು ನಾಳೆ ಹುಡುಕೋಕಾಗಲ್ಲ." ಆ ಕಡೆಯಿಂದ ಒಪ್ಪಿಗೆ ಬಂದಿರಬೇಕು, ಫೋನಿಟ್ಟು ಹತ್ತಿರದ ಯುದ್ಧನೌಕೆ ಯಾವುದು ಎಂದು ವಿಚಾರಿಸಿದರು. ಹತ್ತಿರವೆಂದರೂ ಅದು ಬರಲು ಸಂಜೆಯಾಗುತ್ತಿತ್ತು.

ಅಲ್ಲಿಯವರೆಗೆ ಮಾಡಬೇಕಾದದ್ದು ಒಂದೇ, ಕಣ್ಣು ಕೀಳದೆ ನೋಡುವುದು. ಸಮುದ್ರದಲ್ಲಿ ಕಳೆದುಹೋಗುವುದು ಎಷ್ಟು ಸುಲಭವೆಂದು ದುರ್ಬೀನಿಗೆ ಗೊತ್ತಿತ್ತು. ಈಗ ಇಲ್ಲಿ ಕಂಡದ್ದು ಸ್ವಲ್ಪ ಹೊತ್ತಿಗೆ ಇನ್ನೆಲ್ಲಿಗೋ ಹರಿದುಹೋಗಿರುತ್ತದೆ. ಮನುಷ್ಯರು ಕೂತ ಯಾವ ವಿಮಾನವೂ ಅಷ್ಟು ದೂರ ಹೋಗಿ ಅಷ್ಟು ಹೊತ್ತು ಅಲ್ಲಿ ಇರಲಾರದು. ಅತ್ತೆ ಇರಬಲ್ಲಳು.

ಮಧ್ಯಾಹ್ನದ ಪಾಳಿಯ ನಾವಿಕ ಬಂದಾಗ ದುರ್ಬೀನು ಏಳಲಿಲ್ಲ. "ಇನ್ನೊಂದು ಕುರ್ಚಿ ಎಳೆದುಕೊಂಡು ಕೂತುಕೋ. ನನ್ನ ಕಣ್ಣು ಅವರ ಜೊತೆ ಹೊಂದಿಕೊಂಡಿದೆ" ಎಂದ. ಪರೀಕ್ಷೆಯ ನೆನಪಾಯಿತು. ಫೋನುಗಳೆಲ್ಲ ನಿಯಮದ ಪ್ರಕಾರ ಹೊರಗಿನ ಲಾಕರಿನಲ್ಲಿದ್ದವು. ಹೆಂಡತಿಗೆ ಹೇಳಿ ಕಳಿಸಬೇಕೆಂದುಕೊಂಡ ಹೊತ್ತಿಗೇ ಪರದೆಯಲ್ಲಿ ಒಬ್ಬ ಎದ್ದು ಕೂತ.

ಡ್ರಮ್ಮುಗಳಿಂದ ನೀರಿನ ಕ್ಯಾನೊಂದು ಜಾರಿ ತೇಲಿಹೋಗುತ್ತಿತ್ತು. ಎದ್ದವನು ಅದರ ಹಿಂದೆ ನೀರಿಗಿಳಿದ. ಕ್ಯಾನು ಸಿಕ್ಕಿತು. ಅದನ್ನು ಅಪ್ಪಿಕೊಂಡು ತಿರುಗಿದಾಗ ಡ್ರಮ್ಮುಗಳು ಅವನಿಗೆ ಸಿಗದಷ್ಟು ಸರಿದಿದ್ದವು. ಅವನು ಕೈಕಾಲು ಬಡಿದ. ನಡುವಿನ ನೀರು ಅಗಲವಾಗುತ್ತಲೇ ಹೋಯಿತು.

ದುರ್ಬೀನು ಕ್ಯಾಮೆರಾ ತಿರುಗಿಸುವ ಹಿಡಿಯನ್ನು ಬಿಗಿಯಾಗಿ ಹಿಡಿದ. ಇರುವುದು ಒಂದೇ ಕ್ಯಾಮೆರಾ. ಐದು ಜನ ಒಂದು ಕಡೆ, ಒಬ್ಬ ಇನ್ನೊಂದು ಕಡೆ. ಎರಡೂ ಕಡೆಯವರನ್ನು ಒಂದೇ ಚೌಕಟ್ಟಿನಲ್ಲಿ ಹಿಡಿಯಲು ನೋಟವನ್ನು ಹಿಗ್ಗಿಸಿದರೆ ಒಬ್ಬಂಟಿಯ ತಲೆ ಅಲೆಗಳ ನಡುವೆ ಒಂದು ಚುಕ್ಕೆಯಾಗಿ ಕರಗುತ್ತಿತ್ತು. ಹತ್ತಿರ ಎಳೆದರೆ ಡ್ರಮ್ಮುಗಳು ಚೌಕಟ್ಟಿನಾಚೆ ಹೋಗುತ್ತಿದ್ದವು. ಅವನು ಇಲ್ಲಿ ಒಂದು ಉಸಿರು, ಅಲ್ಲಿ ಒಂದು ಉಸಿರು ಎಂಬಂತೆ ಕ್ಯಾಮೆರಾ ಓಡಾಡಿಸತೊಡಗಿದ. ಪ್ರತಿ ಸಲ ಹಿಂತಿರುಗಿದಾಗಲೂ ಆ ತಲೆ ಸಿಗುವವರೆಗೆ ಅವನ ಜೀವ ಬಾಯಿಗೆ ಬರುತ್ತಿತ್ತು.

ಸಾಲದ್ದಕ್ಕೆ ಮೋಡ. ಪಡುವಣದಿಂದ ಬೆಳ್ಳನೆಯ ರಾಶಿಯೊಂದು ಬಂದು ಪರದೆಯನ್ನು ಹಾಲಿನಂತೆ ಮಾಡತೊಡಗಿತು.

"ಕೆಳಗೆ ಇಳಿಸಬೇಕು" ಎಂದ ದುರ್ಬೀನು.

ಮಾವ ತಲೆ ಕೆರೆದುಕೊಂಡ. "ಸಮುದ್ರದ ಮೇಲೆ ಅಷ್ಟು ಕೆಳಗೆ ಹೋಗಬೇಕಾದರೆ ಕಂಪನಿಯನ್ನು ಕೇಳಬೇಕು. ಒಪ್ಪಂದದಲ್ಲೇ ಇದೆ. ವಿಮಾನ ಅವರದಲ್ವಾ."

"ಕೇಳಿ" ಎಂದರು ಕಮಾಂಡರ್.

ಮಾವ ಮೇಜಿನ ಫೋನೆತ್ತಿ ಕಂಪನಿಯ ಮುಖ್ಯ ಕಚೇರಿಗೆ ಕರೆ ಮಾಡಿದ. ಹೆಸರು ಹೇಳಿದ, ವಿಷಯ ಹೇಳಿದ. ಆ ಕಡೆಯವರು ದೊಡ್ಡವರನ್ನು ಕರೆಯುತ್ತೇವೆ ಎಂದು ಅವನನ್ನು ಕಾಯಲು ಹಾಕಿದರು. ಫೋನಿನಿಂದ ತೆಳುವಾದ ವಾದ್ಯಸಂಗೀತ ಕೇಳಿಬಂತು. ಮಾವ ಅದನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಎರಡೂ ಕೈ ಖಾಲಿ ಮಾಡಿಕೊಂಡ.

"ಬೇಡ ಅಂತ ಇನ್ನೂ ಯಾರೂ ಹೇಳಿಲ್ಲ" ಎಂದ. "ಹೇಳೋವರೆಗೂ ಇಳೀತಾ ಇರೋಣ."

ಕಮಾಂಡರ್ ಗೋಡೆಯ ಕಡೆ ನೋಡಿದರು. ಕೇಳಿಸಲಿಲ್ಲವೆಂಬಂತೆ.

ಅತ್ತೆ ಮೋಡದೊಳಗೆ ಹೊಕ್ಕಳು. ಪರದೆಯೆಲ್ಲ ಬಿಳಿ. ಫೋನಿನ ಸಂಗೀತ ಮುಗಿದು ಮತ್ತೆ ಮೊದಲಿನಿಂದ ಶುರುವಾಯಿತು. ಆಮೇಲೆ ಹಠಾತ್ತನೆ ಸಮುದ್ರ ಬಂತು, ಎಷ್ಟು ಹತ್ತಿರವೆಂದರೆ ಅಲೆಗಳ ಮಡಿಕೆ ಕಾಣುವಷ್ಟು. ಡ್ರಮ್ಮುಗಳ ಮೇಲಿನವರು ಸದ್ದು ಕೇಳಿರಬೇಕು. ಒಬ್ಬ ತಲೆ ಎತ್ತಿದ. ಇನ್ನೊಬ್ಬ ಪಕ್ಕದವನನ್ನು ಅಲ್ಲಾಡಿಸಿದ. ಬೆಳಗ್ಗೆಯಿಂದ ಮಿಸುಕದೆ ಮಲಗಿದ್ದವನೊಬ್ಬ ಎದ್ದು ಕೂತು, ತನ್ನ ಅಂಗಿ ಬಿಚ್ಚಿ ಗಾಳಿಯಲ್ಲಿ ಬೀಸತೊಡಗಿದ.

"ನಮ್ಮನ್ನು ನೋಡಿದರು" ಎಂದ ಪಾಳಿಗೆ ಬಂದ ನಾವಿಕ, ಮೆಲ್ಲಗೆ.

ದುರ್ಬೀನು ಕ್ಯಾಮೆರಾ ತಿರುಗಿಸಿ ಒಬ್ಬಂಟಿಯನ್ನು ಹುಡುಕಿದ. ಸಿಕ್ಕಿದ. ಕ್ಯಾನನ್ನು ಎದೆಗೆ ಅವುಚಿಕೊಂಡು ಅಂಗಾತ ತೇಲುತ್ತಿದ್ದ, ಮುಖ ಆಕಾಶಕ್ಕೆ. ಮಾವ ಅತ್ತೆಯನ್ನು ಎರಡೂ ಕಡೆಯ ನಡುವೆ ಉದ್ದಕ್ಕೆ ಓಡಾಡಿಸುತ್ತ ಹೋದ, ಐವರ ತಲೆಯ ಮೇಲೆ ಒಮ್ಮೆ, ಒಬ್ಬಂಟಿಯ ತಲೆಯ ಮೇಲೆ ಒಮ್ಮೆ.

ಕೊನೆಗೂ ಫೋನಿನಲ್ಲಿ ದನಿ ಬಂತು. ಮಾವ ಎಲ್ಲ ಕೇಳಿಸಿಕೊಂಡು, "ಧನ್ಯವಾದ ಸರ್, ಹಾಗೇ ಮಾಡ್ತೀವಿ" ಎಂದು ಇಟ್ಟ. "ಜಾಗ್ರತೆಯಿಂದ ಇಳಿಸಬಹುದಂತೆ" ಎಂದು ಕಮಾಂಡರಿಗೆ ವರದಿ ಒಪ್ಪಿಸಿದ. ಅವರು ತುಟಿ ಬಿಗಿಹಿಡಿದು ತಲೆಯಾಡಿಸಿದರು.

ಬಿಸಿಲು ಓರೆಯಾದಾಗ ಯುದ್ಧನೌಕೆ ಬಂತು. ಅದರ ಮೂತಿ ಪರದೆಗೆ ಬಂದ ಕೂಡಲೇ ದುರ್ಬೀನಿಗೆ ಗುರುತು ಸಿಕ್ಕಿತು. ಅವನದೇ ಹಳೆಯ ಹಡಗು. ರೇಡಿಯೋದಲ್ಲಿ ಬಂದದ್ದು ಅವನ ಜೊತೆ ಎಷ್ಟೋ ವರ್ಷ ಒಂದೇ ಕ್ಯಾಬಿನಿನಲ್ಲಿ ಮಲಗಿದ್ದ ಸಿಗ್ನಲ್ ಗೆಳೆಯನ ದನಿ.

"ಐದು ಜನ ಕಾಣ್ತಿದಾರೆ. ದೋಣಿ ಇಳಿಸ್ತಾ ಇದೀವಿ."

"ಇನ್ನೂ ಒಬ್ಬ ಇದಾನೆ, ಮೊದಲು ಅವನ ಹತ್ತಿರ ಹೋಗಿ. ನಿಮ್ಮ ಎಡಕ್ಕೆ. ಅವನು ನಿಮಗೆ ಕಾಣಲ್ಲ, ಅಲೆ ಅಡ್ಡ ಇದೆ. ನಾನು ಹೇಳಿದ ಹಾಗೆ ತಿರುಗಿಸ್ತಾ ಹೋಗಿ."

ಗೆಳೆಯ ದನಿ ಗುರುತಿಸಿದ. "ದುರ್ಬೀನು?"

"ಆಮೇಲೆ ಮಾತಾಡೋಣ. ಎಡಕ್ಕೆ."

ಎಡಕ್ಕೆ, ಇನ್ನೂ ಎಡಕ್ಕೆ, ಈಗ ನೇರ, ನಿಧಾನ, ನಿಧಾನ ಎಂದು ಅವನು ಹೇಳುತ್ತ ಹೋದ. ಪುಟ್ಟ ದೋಣಿ ಅಲೆ ಹತ್ತಿ ಇಳಿಯಿತು. ಇಬ್ಬರು ಬಾಗಿದರು. ನೀರಿನಿಂದ ಮೊದಲು ಕ್ಯಾನು ಮೇಲೆ ಬಂತು, ಆಮೇಲೆ ಮನುಷ್ಯ. ಅವನ ಹಿಂದೆಯೇ ಡ್ರಮ್ಮುಗಳ ಮೇಲಿದ್ದ ಐವರನ್ನೂ ಹತ್ತಿಸಿಕೊಂಡರು. ಮಾವ ಕುರ್ಚಿಗೆ ಒರಗಿ ಎರಡೂ ಅಂಗೈಯಿಂದ ಮುಖ ಒರೆಸಿಕೊಂಡ. ಕಮಾಂಡರ್ ತಾವೇ ಹೊರಗೆ ಹೋಗಿ ಎಲ್ಲರಿಗೂ ಟೀ ತಂದರು. ಅದು ತಣ್ಣಗಾಗಿತ್ತು, ಸಕ್ಕರೆ ಹಾಕಲು ಮರೆತಿದ್ದರು. ಎಲ್ಲರೂ ಲೋಟ ಖಾಲಿ ಮಾಡಿದರು.

ಹೊರಗೆ ಬಂದಾಗ ಗೇಟಿನ ಮುಂದೆ ಕಲಿಯುವವರ ಕೆಂಪು ಬೋರ್ಡಿನ ಕಾರು ನಿಂತಿತ್ತು. ಹೆಂಡತಿ ಸ್ಟೇರಿಂಗ್ ಮುಂದೆ ಕೂತಿದ್ದಳು. ಮೈದಾನದಲ್ಲಿ ಕಾದು ಕಾದು, ಪರೀಕ್ಷೆಯವರ ಹತ್ತಿರ ಮಾತು ಕೇಳಿ, ಕೊನೆಗೆ ಇಲ್ಲಿಗೇ ಬಂದಿದ್ದಳು. ಅವಳ ಮುಖ ನೋಡಿಯೇ ಅವನಿಗೆ ಮಾತು ಎಲ್ಲಿಂದ ಶುರು ಮಾಡಬೇಕೆಂದು ತಿಳಿಯಲಿಲ್ಲ. ಡ್ರಮ್ಮುಗಳಿಂದ ಶುರು ಮಾಡಿದ. ಕ್ಯಾನಿನ ಕಡೆಗೆ ಬರುವಷ್ಟರಲ್ಲಿ ಅವಳ ಕೈ ಸ್ಟೇರಿಂಗಿನಿಂದ ಜಾರಿ ಮಡಿಲಿಗೆ ಬಂದಿತ್ತು.

"ಆ ಒಬ್ಬ ಸಿಕ್ಕಿದನಾ?"

"ಸಿಕ್ಕಿದ."

ಅವಳು ಬಾಗಿಲು ತೆರೆದು ಇಳಿದು, ಕಾರು ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕೂತಳು. "ನಡೀರಿ. ಅತ್ತೆ ಕಾಯ್ತಾ ಇರ್ತಾರೆ. ಮನೇಲಿರೋ ಅತ್ತೆ."

ಅವನು ಮನೆಯವರೆಗೂ ಓಡಿಸಿದ. ದಾರಿಯಲ್ಲಿ ಅವಳು ಒಂದು ಸಲವೂ ಬ್ರೇಕ್ ಒತ್ತಲಿಲ್ಲ. ಎರಡು ಕಡೆ ಒತ್ತಬೇಕಿತ್ತು ಎಂದು ರಾತ್ರಿ ಊಟದಲ್ಲಿ ತಿಳಿಸಿದಳು. ಮುಂದಿನ ಪರೀಕ್ಷೆಯಲ್ಲಿ ಅವನು ಪಾಸಾದ. ಹಿಮ್ಮುಖವಾಗಿ ನಿಲ್ಲಿಸುವುದರಲ್ಲಿ ಕಂಬಕ್ಕೆ ಸ್ವಲ್ಪ ತಾಗಿಸಿದರೂ.

ಬಾಡಿಗೆಯ ಅವಧಿಯನ್ನೂ ಮುಂದುವರಿಸಿದರು. ಆ ಆರು ಜನರ ಕಾರಣಕ್ಕೋ, ಮೊದಲೇ ತೀರ್ಮಾನವಾಗಿತ್ತೋ, ಕೆಳಗಿನವರಿಗೆ ಯಾರೂ ವಿವರಿಸಲಿಲ್ಲ. ರೇಡಿಯೋ ಗುರುತು ಆರಿಸಿಕೊಂಡು ಓಡಾಡುತ್ತಿದ್ದ ಸರಕು ಹಡಗು ಎರಡು ದಿನ ಬಿಟ್ಟು ಸಿಕ್ಕಿತು. ಹೊಸ ಒಪ್ಪಂದದಲ್ಲಿ, ಜೀವ ಉಳಿಸುವ ಸಂದರ್ಭದಲ್ಲಿ ಎಷ್ಟು ಕೆಳಗೆ ಇಳಿಯಬೇಕೆಂಬುದನ್ನು ಪೈಲಟ್ಟೇ ನಿರ್ಧರಿಸಬಹುದೆಂದು ಒಂದು ಸಾಲು ಸೇರಿಸಿದ್ದರು. ಅದನ್ನು ಬರೆಸಿದ್ದು ತಾವೆಂದು ಕಮಾಂಡರ್ ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ. ಮಾವ ಮಾತ್ರ ಆ ಸಾಲನ್ನು ಬಾಯಿಪಾಠ ಮಾಡಿ ಅದಕ್ಕೊಂದು ರಾಗ ಹಚ್ಚಿ ಗುನುಗುತ್ತಿದ್ದ. ದುರ್ಬೀನಿಗೆ ಹೊಸಬರಿಗೆ ನೋಡುವುದನ್ನು ಕಲಿಸುವ ಕೆಲಸವೂ ಬಂತು. ದಿಮ್ಮಿ ಕಂಡರೂ ಕೂಗಿ ಎಂದು ಅವನು ಅವರಿಗೆ ಮೊದಲ ದಿನವೇ ಹೇಳುತ್ತಿದ್ದ.

ಮಳೆಗಾಲ ಕಳೆದ ಮೇಲೆ ಸಿಗ್ನಲ್ ಗೆಳೆಯ ರಜೆಯಲ್ಲಿ ಮನೆಗೆ ಬಂದ. ಊಟಕ್ಕೆ ಮಾವನನ್ನೂ ಕರೆದಿದ್ದರು. ಡ್ರಮ್ಮುಗಳ ಮೇಲಿದ್ದ ಐವರು ಅಂದೇ ಚೇತರಿಸಿಕೊಂಡರಂತೆ. ಒಬ್ಬಂಟಿಯಾಗಿ ತೇಲಿದವನು ಮುಳುಗಿದ ದೋಣಿಯ ಅಡಿಗೆಯವನು, ಒಳ್ಳೆಯ ಮಾತುಗಾರ ಎಂದ ಗೆಳೆಯ.

"ಆಕಾಶದಲ್ಲಿ ಸದ್ದು ಕೇಳಿದಾಗ ಯಾರೋ ಬೈಕ್ ಓಡಿಸ್ತಾ ಇದಾರೆ ಅಂದುಕೊಂಡನಂತೆ. ನೀರಿನ ಮಧ್ಯೆ ಬೈಕ್ ಎಲ್ಲಿಂದ ಬರಬೇಕು ಅಂತ ನಗು ಬಂತಂತೆ. ಆಮೇಲೆ ಇದು ತಲೆ ಮೇಲೆ ಬಂತು, ಹೋಯ್ತು, ಮತ್ತೆ ಬಂತು, ಮತ್ತೆ ಹೋಯ್ತು. ಹೋದಾಗಲೆಲ್ಲ ಬಾಯಿಗೆ ಬಂದ ಹಾಗೆ ಬೈದನಂತೆ. ಬಂದಾಗಲೆಲ್ಲ ಬೈದದ್ದಕ್ಕೆ ಕ್ಷಮೆ ಕೇಳಿದನಂತೆ."

"ಅಷ್ಟು ಬೈಗುಳ ನಮಗೆ ಗೊತ್ತಾಗಲೇ ಇಲ್ಲ" ಎಂದ ಮಾವ ಬೇಸರದಿಂದ. "ಅತ್ತೆಗೆ ಕಿವಿ ಇಲ್ಲ."

"ಅದೊಂದು ಕಡಿಮೆಯಾಗಿದೆ ನೋಡಿ" ಎಂದರು ದುರ್ಬೀನಿನ ತಾಯಿ, ಮಾವನಿಗೆ ಇನ್ನೊಂದು ಸೌಟು ಬಡಿಸುತ್ತ.

ಹೆಂಡತಿ ಗೆಳೆಯನ ಕಡೆ ತಿರುಗಿದಳು. "ಆಮೇಲೆ ಏನು ಮಾಡಿದ ಅವನು?"

"ಕೊನೆಕೊನೆಗೆ ಬೈಯೋದನ್ನು ಬಿಟ್ಟುಬಿಟ್ಟನಂತೆ. ಹೋದರೂ ವಾಪಸ್ ಬರುತ್ತೆ ಅಂತ ಗೊತ್ತಾಯ್ತಲ್ಲ, ಈಜೋದನ್ನೂ ನಿಲ್ಲಿಸಿ ಸುಮ್ಮನೆ ತೇಲಿಕೊಂಡಿದ್ದನಂತೆ. ನಮ್ಮ ಹಡಗಿಗೆ ಹತ್ತಿಸಿಕೊಂಡ ಮೇಲೆ ಒಂದು ಲೋಟ ಬಿಸಿನೀರು ಕುಡಿದು ಮಲಗಿದ. ಬಂದರು ಬರೋವರೆಗೂ ಎಬ್ಬಿಸೋಕಾಗಲಿಲ್ಲ. ಆ ಕ್ಯಾನು ಮಾತ್ರ ಪಕ್ಕದಲ್ಲೇ ಇತ್ತು."

ದುರ್ಬೀನು ತಟ್ಟೆಯಿಂದ ಕೈ ತೆಗೆದು ಕೇಳುತ್ತ ಕೂತಿದ್ದ. ಪರದೆಯ ಮೇಲೆ ಅಂಗಾತ ತೇಲುತ್ತಿದ್ದ ಆ ಮುಖ ಸುಸ್ತಾಗಿ ಸೋತದ್ದು ಎಂದೇ ಅವನು ಇಷ್ಟು ದಿನ ತಿಳಿದಿದ್ದ. ಆ ಮನುಷ್ಯ ನೆಮ್ಮದಿಯಿಂದ ಕಾಯುತ್ತಿದ್ದ ಎಂಬುದು ಈಗ ಗೊತ್ತಾಗಿ ಹೊಟ್ಟೆ ತಣ್ಣಗಾಯಿತು. ಹೆಂಡತಿ ಅವನ ಖಾಲಿ ಲೋಟಕ್ಕೆ ನೀರು ತುಂಬಿಸಿ, ಮೊಣಕೈಯಿಂದ ಅವನನ್ನು ಮೆಲ್ಲಗೆ ತಿವಿದಳು. "ಊಟ ಮಾಡಿ, ಆರಿಹೋಗುತ್ತೆ" ಎಂದಳು. ಅವನು ತಟ್ಟೆಯನ್ನು ಹತ್ತಿರ ಎಳೆದುಕೊಂಡು, ಇನ್ನೊಮ್ಮೆ ಮೊದಲಿನಿಂದ ಹೇಳು ಎಂದು ಗೆಳೆಯನನ್ನು ಕೇಳಿದ.